ಬೆಂಗಳೂರಿನ ತಾರಸಿಗೆ ಎಂಥ ಹಸಿರುಮನೆ: ಹೆಸರಿನ ಮೂಲದಿಂದ ಕಟ್ಟುವ ಕ್ರಮದವರೆಗೆ

ತಾರಸಿಯ ಮೇಲೆ ತರಕಾರಿ ಬೆಳೆಯುವ ಬೆಂಗಳೂರಿಗರಲ್ಲಿ ಅನೇಕರು ಕುಂಡಗಳಲ್ಲಿ ಒಂದಿಷ್ಟು ಕೈ ಪಳಗಿದ ಮೇಲೆ ಹಸಿರುಮನೆಯೊಂದನ್ನು ಕಟ್ಟಿಸಬೇಕೆಂದು ಆಲೋಚಿಸುತ್ತಾರೆ. ಆಗ ಅವರ ಮನಸ್ಸಿನಲ್ಲಿ ಮೂಡುವುದು ಸಾಮಾನ್ಯವಾಗಿ ಚಳಿದೇಶದ ಚಿತ್ರ: ನಾಲ್ಕೂ ಕಡೆ ಮುಚ್ಚಿದ, ಒಳಗೆ ಬೆಚ್ಚಗಿರುವ ಗಾಜಿನ ಕೋಣೆ. ಅಂಥ ಕೋಣೆಯನ್ನು ಇಲ್ಲಿ ಯಥಾವತ್ತಾಗಿ ಕಟ್ಟಿದರೆ ಏಪ್ರಿಲ್ ತಿಂಗಳ ಒಂದೇ ಮಧ್ಯಾಹ್ನದಲ್ಲಿ ಸಸಿಗಳೆಲ್ಲ ಬಾಡಿಹೋಗುತ್ತವೆ. ಬೆಂಗಳೂರಿನಲ್ಲಿ ಗಿಡವನ್ನು ಕಾಪಾಡಬೇಕಾಗಿರುವುದು ಚಳಿಯಿಂದಲ್ಲ, ಸುರಿಮಳೆಯಿಂದ, ಆಷಾಢದ ಗಾಳಿಯಿಂದ, ಬೇಸಿಗೆಯ ನಡುಹಗಲಿನ ಬಿಸಿಲಿನಿಂದ ಮತ್ತು ಎಲೆಯ ರಸ ಹೀರುವ ಕೀಟಗಳಿಂದ. ಆದುದರಿಂದ ಇಲ್ಲಿಯ ಹಸಿರುಮನೆಗೆ ಗಟ್ಟಿಯಾದ ಚಾವಣಿ ಬೇಕು, ಗೋಡೆಯ ಜಾಗದಲ್ಲಿ ಬಲೆ ಬೇಕು, ಬಿಸಿಗಾಳಿ ಹೊರಹೋಗಲು ನೆತ್ತಿಯಲ್ಲಿ ಬಾಯಿ ಬೇಕು. ಈ ಬರಹದಲ್ಲಿ ಹೇಳಹೊರಟಿರುವ ಎಲ್ಲ ಅಳತೆಗಳೂ ಎಲ್ಲ ಎಚ್ಚರಿಕೆಗಳೂ ಈ ಮಾತಿನಿಂದಲೇ ಹೊರಡುತ್ತವೆ. ಹಸಿರುಮನೆ ಎಂಬ ಹೆಸರು ಎಲ್ಲಿ ಹುಟ್ಟಿತು, ಯಾವ ಅಗತ್ಯಕ್ಕಾಗಿ ಹುಟ್ಟಿತು ಎಂಬುದನ್ನು ಮೊದಲು ತಿಳಿದರೆ ಆ ಮಾತು ಮನದಟ್ಟಾಗುತ್ತದೆ.

ಹೆಸರು ಬಂದ ದಾರಿ

ನಾವು ಹಸಿರುಮನೆ ಎಂದು ಕರೆಯುತ್ತಿರುವುದು ಗ್ರೀನ್‌ಹೌಸ್ ಎಂಬ ಇಂಗ್ಲಿಷ್ ಪದದ ನೇರ ಕನ್ನಡ ರೂಪ. ಇಂಗ್ಲಿಷಿನಲ್ಲಿ ಆ ಪದ ಬಳಕೆಗೆ ಬಂದದ್ದು 1660ರ ದಶಕದಲ್ಲಿ. ಅದರಲ್ಲಿರುವ ಹಸಿರು ಕಟ್ಟಡದ ಬಣ್ಣವೂ ಅಲ್ಲ, ಒಳಗೆ ಬೆಳೆಯುವ ಸೊಪ್ಪು ತರಕಾರಿಯೂ ಅಲ್ಲ. ಚಳಿಗಾಲದಲ್ಲಿಯೂ ಎಲೆ ಉದುರಿಸದೆ ಹಸಿರಾಗಿ ಉಳಿಯುವ ಗಿಡಗಳನ್ನು ಅಂದಿನ ತೋಟಗಾರರು ಗ್ರೀನ್ಸ್, ಅಂದರೆ ಹಸಿರುಗಳು, ಎಂದು ಕರೆಯುತ್ತಿದ್ದರು. ಬೆಚ್ಚನೆಯ ನಾಡುಗಳಿಂದ ತಂದ ಕಿತ್ತಳೆ, ನಿಂಬೆ, ಮಿರ್ಟಲ್ ಮೊದಲಾದ ಗಿಡಗಳು ಇಂಗ್ಲೆಂಡಿನ ಹಿಮಕ್ಕೆ ಸಿಕ್ಕಿದರೆ ಸಾಯುತ್ತಿದ್ದುದರಿಂದ, ಶ್ರೀಮಂತರು ಅವುಗಳನ್ನು ದೊಡ್ಡ ಮರದ ತೊಟ್ಟಿಗಳಲ್ಲಿ ನೆಟ್ಟು, ಬೇಸಿಗೆಯಲ್ಲಿ ಅಂಗಳದಲ್ಲಿಟ್ಟು, ಚಳಿ ಬರುತ್ತಿದ್ದಂತೆ ಒಳಗೆ ಸಾಗಿಸುತ್ತಿದ್ದರು. ಹಾಗೆ ಒಳಗಿಡುವ ಕಟ್ಟಡವೇ ಮೊದಲ ಗ್ರೀನ್‌ಹೌಸ್. ಅದಕ್ಕೆ ಇಟ್ಟಿಗೆಯ ಗೋಡೆ, ಬೆಳಕು ತೂರದ ಮಾಡು, ದಕ್ಷಿಣದ ಕಡೆಗೆ ಎತ್ತರದ ಕಿಟಕಿಗಳು, ಕೆಲವು ಕಡೆ ಒಳಗೊಂದು ಒಲೆ ಇರುತ್ತಿದ್ದವು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1680ರ ದಶಕದಲ್ಲಿ ಕಟ್ಟಿದ ಕಿತ್ತಳೆಮನೆಯೂ ಇದೇ ಬಗೆಯದು. ಗಿಡವನ್ನು ಬೆಳೆಸುವುದಕ್ಕಿಂತ ಚಳಿಗಾಲ ಕಳೆಯುವವರೆಗೆ ಅದನ್ನು ಉಳಿಸಿಕೊಳ್ಳುವುದೇ ಇವುಗಳ ಉದ್ದೇಶವಾಗಿತ್ತು.

ಹೆಸರು ಹೊಸದಾದರೂ ಉಪಾಯ ಹಳೆಯದು. ಒಂದನೆಯ ಶತಮಾನದಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ತೋಟಗಾರರು ಸೌತೆಯ ಪಾತಿಗಳನ್ನು ಗಾಲಿಗಳ ಮೇಲಿಟ್ಟು ಬಿಸಿಲಿಗೆ ತಳ್ಳುತ್ತಿದ್ದರು; ಚಳಿಯ ದಿನಗಳಲ್ಲಿ ಅವುಗಳನ್ನು ಬೆಳಕು ಹಾಯುವ ಕಲ್ಲಿನ ತೆಳು ಹಾಳೆಗಳ ಕೆಳಗೆ ಇಡುತ್ತಿದ್ದರು. ಹದಿನೈದನೆಯ ಶತಮಾನದ ಕೊರಿಯಾದಲ್ಲಿ ನೆಲದಡಿಯಿಂದ ಬಿಸಿ ಹಾಯಿಸಿ, ಎಣ್ಣೆ ಸವರಿದ ಕಾಗದದ ಕಿಟಕಿಗಳಿಂದ ಬೆಳಕು ಬಿಟ್ಟುಕೊಂಡು ಚಳಿಗಾಲದಲ್ಲಿ ತರಕಾರಿ ಬೆಳೆಯುವ ಮನೆಯ ವಿವರಣೆ ದೊರೆಯುತ್ತದೆ.

ಮಾಡಿಗೂ ಗಾಜು ಹೊದಿಸುವ ಪದ್ಧತಿ ಯೂರೋಪಿನಲ್ಲಿ ಬಲಗೊಂಡದ್ದು ಎರಕದ ಕಬ್ಬಿಣವೂ ಅಗ್ಗದ ಗಾಜೂ ಕೈಗೆಟುಕಿದ ಹತ್ತೊಂಬತ್ತನೆಯ ಶತಮಾನದಲ್ಲಿ. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ತೆರಿಗೆ 1845ರಲ್ಲಿ ರದ್ದಾಯಿತು. ಸಿರಿವಂತರ ತೋಟಗಳಲ್ಲಿ ಗಾಜಿನ ಮನೆಗಳನ್ನು ಕಟ್ಟಿ ಪಳಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಬೃಹತ್ ಪ್ರದರ್ಶನ ಭವನವನ್ನು ಎಬ್ಬಿಸಿದ. ಆ ಮಾದರಿಯ ಎಳೆಯೇ ನಮ್ಮ ಲಾಲ್‌ಬಾಗ್‌ಗೂ ಬಂದು ತಲುಪಿದೆ. ಜಾನ್ ಕ್ಯಾಮರೂನ್ ತೋಟದ ಮೇಲ್ವಿಚಾರಕರಾಗಿದ್ದಾಗ, 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರ್ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದರು. ಅದರ ಎರಕದ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಿಂದ ಹಡಗಿನಲ್ಲಿ ಬಂದವು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳಿಗೆ ಹೋದವರೆಲ್ಲರೂ ಅದನ್ನು ಕಂಡವರೇ. ಬೆಂಗಳೂರಿಗರ ಪಾಲಿಗೆ ಹಸಿರುಮನೆ ಎಂದೊಡನೆ ಗಾಜು ನೆನಪಾಗುವುದಕ್ಕೆ ಈ ಸುಂದರ ಕಟ್ಟಡವೂ ಒಂದು ಕಾರಣವಿರಬೇಕು. ಆದರೆ ಅದು ಪ್ರದರ್ಶನಕ್ಕೆ ಒದಗಿಬಂದ ಭವನ. ಮನೆಯ ತಾರಸಿಯಲ್ಲಿ ಟೊಮ್ಯಾಟೊ ಬೆಳೆಯುವವರು ಮಾದರಿಯಾಗಿ ನೋಡಬೇಕಾದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೊಲಗಳಲ್ಲಿ ದೊಣ್ಣೆ ಮೆಣಸಿನಕಾಯಿ, ಗುಲಾಬಿ, ಜರ್ಬೆರಾ ಬೆಳೆಯುವ ರೈತರು ಕಟ್ಟಿಕೊಂಡಿರುವ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್‌ಗಳನ್ನು.

ಒಳಗೆ ಬಿಸಿ ಏರುವುದು ಹೇಗೆ

ಗಾಜು ಅಥವಾ ಪ್ಲಾಸ್ಟಿಕ್ ಹಾಳೆಯ ಮೂಲಕ ಒಳಬಂದ ಬಿಸಿಲು ನೆಲವನ್ನೂ ಕುಂಡಗಳನ್ನೂ ಕಾಯಿಸುತ್ತದೆ. ಕಾದ ನೆಲ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಯಲಿನಲ್ಲಾದರೆ ಆ ಬಿಸಿಗಾಳಿ ಹಗುರವಾಗಿ ಮೇಲೇರಿ ಹೋಗುತ್ತದೆ, ಅದರ ಜಾಗಕ್ಕೆ ತಂಪುಗಾಳಿ ಬರುತ್ತದೆ. ಮುಚ್ಚಿದ ಮನೆಯಲ್ಲಿ ಅದಕ್ಕೆ ದಾರಿಯಿಲ್ಲ. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿ ನೋಡಿದರು. ಕಾದ ವಸ್ತುಗಳಿಂದ ಹೊರಡುವ ಅವಕೆಂಪು ಕಿರಣಗಳನ್ನು ಗಾಜು ತಡೆಯುತ್ತದೆ, ಕಲ್ಲುಪ್ಪು ಬಿಟ್ಟುಕೊಡುತ್ತದೆ. ಹಾಗಿದ್ದರೂ ಎರಡು ಪೆಟ್ಟಿಗೆಗಳ ಬಿಸಿ ಹೆಚ್ಚುಕಡಿಮೆ ಒಂದೇ ಆಗಿತ್ತು. ತೋಟದ ಹಸಿರುಮನೆಯನ್ನು ಕಾಯಿಸುವುದು ಮುಖ್ಯವಾಗಿ ಹೊರಹೋಗಲಾರದ ಗಾಳಿ ಎಂಬುದು ಇದರಿಂದ ತಿಳಿಯಿತು. ವಾತಾವರಣದ ವಿಷಯದಲ್ಲಿ ನಾವು ಕೇಳುವ ಹಸಿರುಮನೆ ಪರಿಣಾಮದಲ್ಲಿ ನಡೆಯುವುದು ಬೇರೆ: ಅಲ್ಲಿ ಇಂಗಾಲದ ಡೈಆಕ್ಸೈಡ್, ನೀರಾವಿ ಮೊದಲಾದ ಅನಿಲಗಳು ಭೂಮಿಯಿಂದ ಹೊರಡುವ ಅವಕೆಂಪು ಕಿರಣಗಳನ್ನು ಹೀರಿಕೊಂಡು ಬಿಸಿಯನ್ನು ಉಳಿಸುತ್ತವೆ. ಜಾನ್ ಟಿಂಡಾಲ್ 1859ರಲ್ಲಿ ಪ್ರಯೋಗದಿಂದ ತೋರಿಸಿದ, ಸ್ವಾಂಟೆ ಅರೇನಿಯಸ್ 1896ರಲ್ಲಿ ಲೆಕ್ಕ ಹಾಕಿದ ಆ ವಿದ್ಯಮಾನಕ್ಕೆ ತೋಟದ ಹೆಸರು ಆಮೇಲೆ ಅಂಟಿಕೊಂಡಿತು. ಹೆಸರು ಒಂದೇ ಆದರೂ ಕ್ರಿಯೆ ಬೇರೆಯಾದುದರಿಂದ ಎರಡನ್ನೂ ಬೆರೆಸಬಾರದು.

ಕಟ್ಟುವವರಿಗೆ ಇದರಿಂದ ಸಿಗುವ ತಿಳಿವಳಿಕೆ ಬಹಳ ದೊಡ್ಡದು. ಬಿಸಿಯನ್ನು ಆಳುವುದು ಗಾಳಿಯ ದಾರಿ. ಎಷ್ಟು ಬೆಲೆಯ ಹಾಳೆ ಹೊದಿಸಿದಿರಿ ಎಂಬುದು ಆಮೇಲಿನ ಮಾತು. ನೆಲದ ವಿಸ್ತೀರ್ಣದ ಕನಿಷ್ಠ ಐದನೆಯ ಒಂದು ಪಾಲಿನಷ್ಟು ಬಾಯಿ ಚಾವಣಿಯ ಬಳಿ ತೆರೆದಿರಬೇಕು, ಪಕ್ಕಗಳಲ್ಲಿ ಅದಕ್ಕಿಂತ ಹೆಚ್ಚು ತೆರಪಿರಬೇಕು. ಕೆಳಗಿನಿಂದ ತಂಪುಗಾಳಿ ಬಂದು ನೆತ್ತಿಯಿಂದ ಬಿಸಿಗಾಳಿ ಹೋಗುವಂತಿದ್ದರೆ ಫ್ಯಾನ್ ಇಲ್ಲದೆಯೂ ಕೆಲಸ ನಡೆಯುತ್ತದೆ.

ಮೂರರಲ್ಲಿ ಯಾವುದು

ಬೆಂಗಳೂರಿನ ಮಾರುಕಟ್ಟೆಯಲ್ಲಿ ಹಸಿರುಮನೆ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ರಚನೆಗಳನ್ನು ಮಾರುತ್ತಾರೆ. ಕಂಬಗಳ ಮೇಲೆ ನೆರಳು ಬಲೆ ಮಾತ್ರ ಹೊದಿಸಿದ್ದು ನೆರಳುಮನೆ. ಇದು ಬಿಸಿಲನ್ನು ತಗ್ಗಿಸುತ್ತದೆ, ಮಳೆಯನ್ನು ತಡೆಯುವುದಿಲ್ಲ. ಆಂಥೂರಿಯಂ, ಆರ್ಕಿಡ್, ಜರೀಗಿಡ, ಒಳಾಂಗಣದ ಎಲೆಗಿಡಗಳನ್ನು ಬೆಳೆಸುವವರಿಗೆ ಇದೇ ಸಾಕು, ಖರ್ಚೂ ಕಡಿಮೆ. ಎರಡನೆಯದು ಪಾಲಿಕಾರ್ಬೊನೇಟ್ ಅಥವಾ ಗಾಜಿನಿಂದ ಪೂರ್ತಿ ಮುಚ್ಚಿದ ಕೋಣೆ. ನೋಡಲು ಅಂದವಾದರೂ ಫ್ಯಾನು ಮತ್ತು ಗಾಳಿಯನ್ನು ತಂಪಾಗಿಸುವ ಒದ್ದೆ ಪ್ಯಾಡುಗಳಿಲ್ಲದೆ ಇಲ್ಲಿಯ ಬೇಸಿಗೆಗೆ ಅದು ಒಗ್ಗುವುದಿಲ್ಲ, ಮನೆಬಳಕೆಗೆ ಅದನ್ನು ನಾನು ಯಾರಿಗೂ ಸೂಚಿಸಲಾರೆ. ಮೂರನೆಯದು ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತ ಕೀಟಬಲೆ ಇರುವ, ಗಾಳಿಯಾಡುವ ಪಾಲಿಹೌಸ್. ತರಕಾರಿ ಬೆಳೆಯುವ ಉದ್ದೇಶವಿದ್ದರೆ ಇದನ್ನೇ ಕಟ್ಟಬೇಕು. ಮುಂದಿನ ವಿವರಗಳೆಲ್ಲ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಇಂಥ ಒಂದು ಮನೆಗೆ ಸಂಬಂಧಿಸಿವೆ.

ಜಾಗ ಮತ್ತು ಭಾರ

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ನಾವು ಕರೆಯುವುದು ಇವನ್ನೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಆದ್ದರಿಂದ ಮೇ ತಿಂಗಳಿನಲ್ಲಿ ಜಾಗ ಗುರುತು ಮಾಡಿದವರು ಡಿಸೆಂಬರಿನಲ್ಲಿ ಅದೇ ಜಾಗ ನೆರಳಿಗೆ ಬೀಳುವುದನ್ನು ಮುಂಗಾಣಬೇಕು. ಡಿಸೆಂಬರ್ ಕೊನೆಯ ವಾರದ ನಡುಹಗಲಿನಲ್ಲಿ ಹತ್ತು ಅಡಿ ಎತ್ತರದ ನೀರಿನ ಟ್ಯಾಂಕಿನ ಕಟ್ಟೆ ಉತ್ತರಕ್ಕೆ ಸುಮಾರು ಏಳೂವರೆ ಅಡಿ ನೆರಳು ಚಾಚುತ್ತದೆ; ಬೆಳಗ್ಗೆ ಸಂಜೆ ಇನ್ನೂ ಉದ್ದ. ಟ್ಯಾಂಕು, ಮೆಟ್ಟಿಲಿನ ಕೋಣೆ, ಪಕ್ಕದ ಮನೆಯ ಗೋಡೆ ಇವುಗಳ ಉತ್ತರಕ್ಕೆ ಮನೆ ಕಟ್ಟದಿರುವುದು ಲೇಸು.

ಭಾರದ ಲೆಕ್ಕವನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಸಂಹಿತೆ ಇಟ್ಟುಕೊಂಡಿರುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೊ. ಹನ್ನೆರಡು ಅಂಗುಲ ಅಗಲ, ಹನ್ನೆರಡು ಅಂಗುಲ ಎತ್ತರದ ಗ್ರೋ ಬ್ಯಾಗಿನಲ್ಲಿ ಇಪ್ಪತ್ತು ಲೀಟರಿನಷ್ಟು ಮಿಶ್ರಣ ಹಿಡಿಯುತ್ತದೆ. ನೀರುಂಡಾಗ ಅದು ತೆಂಗಿನ ನಾರಿನ ಪುಡಿ ಹೆಚ್ಚಿರುವ ಮಿಶ್ರಣವಾದರೆ ಹದಿನೈದರಿಂದ ಹದಿನೆಂಟು ಕಿಲೊ, ಬರೀ ಮಣ್ಣಾದರೆ ಮೂವತ್ತು ಕಿಲೊ ದಾಟುತ್ತದೆ. ನೂರು ಚದರ ಅಡಿ ಎಂದರೆ ಸುಮಾರು 9.3 ಚದರ ಮೀಟರ್. ಅದರಲ್ಲಿ ಇಪ್ಪತ್ತು ಚೀಲಗಳನ್ನು ಹರಡಿಟ್ಟರೆ ಯಾವ ಅಪಾಯವೂ ಇಲ್ಲ. ಅಪಾಯವಿರುವುದು ಒಂದೇ ಕಡೆ ಗುಂಪುಗೂಡಿದ ಭಾರದಲ್ಲಿ. ನೀರು ಹಿಡಿಯುವ ಇನ್ನೂರು ಲೀಟರಿನ ಡ್ರಮ್ಮು ತುಂಬಿದಾಗ ಇನ್ನೂರು ಕಿಲೊ ತೂಕದೊಡನೆ ಸುಮಾರು ಎರಡಡಿ ಅಗಲದ ಜಾಗದ ಮೇಲೆ ಕುಳಿತಿರುತ್ತದೆ. ಅಂಥದ್ದನ್ನು ತೊಲೆ ಅಥವಾ ಗೋಡೆಯ ನೇರಕ್ಕೇ ಇಡಬೇಕು. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಹಳೆಯ ಮದರಾಸು ತಾರಸಿಯ ಮನೆಗಳಲ್ಲಿ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸದೆ ಈ ಕೆಲಸಕ್ಕೆ ಕೈಹಾಕಲೇಬಾರದು. ಅಪಾರ್ಟ್‌ಮೆಂಟುಗಳಲ್ಲಿ ಸಂಘದ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಬೇಕು.

ಚೌಕಟ್ಟು ಮತ್ತು ಚಾವಣಿ

ಬೆಂಗಳೂರಿನ ಗಾಳಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಆಷಾಢದಲ್ಲಿ ಅದರ ಬಿರುಸು ಎಲ್ಲರಿಗೂ ತಿಳಿದದ್ದೇ. ಆದುದರಿಂದ ಚಾವಣಿಯ ತಗ್ಗಿನ ಅಂಚು ಪಶ್ಚಿಮಕ್ಕೂ ಎತ್ತರದ ಅಂಚು ಪೂರ್ವಕ್ಕೂ ಇರುವಂತೆ ಒಂದೇ ಇಳಿಜಾರು ಕೊಡುವುದು ನನ್ನ ಸಲಹೆ. ಪಶ್ಚಿಮದ ಕಂಬಗಳು ಆರೂವರೆ ಅಡಿ, ಪೂರ್ವದವು ಹತ್ತು ಅಡಿ ಇರಲಿ. ಪೂರ್ವದ ಬದಿಯ ನೆತ್ತಿಯಲ್ಲಿ ಎರಡು ಅಡಿ ಎತ್ತರದಷ್ಟು ಭಾಗಕ್ಕೆ ಹಾಳೆ ಹೊದಿಸದೆ ಬಲೆ ಮಾತ್ರ ಕಟ್ಟಿದರೆ ಇಪ್ಪತ್ತು ಚದರ ಅಡಿಯ ಬಾಯಿ ದೊರೆಯುತ್ತದೆ. ನೂರು ಚದರ ಅಡಿ ನೆಲಕ್ಕೆ ಇದು ಐದನೆಯ ಒಂದು ಪಾಲು. ಪಶ್ಚಿಮದ ಗಾಳಿ ತಗ್ಗಿನ ಅಂಚನ್ನು ಹತ್ತಿ ಚಾವಣಿಯ ಮೇಲೆ ಜಾರಿ ಹೋಗುವಾಗ ಆಚೆ ಬದಿಯ ಬಾಯಿಯಿಂದ ಒಳಗಿನ ಬಿಸಿಗಾಳಿಯನ್ನು ಎಳೆದುಕೊಳ್ಳುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಗಾಳಿ ಮಳೆ ಎರಡೂ ಪೂರ್ವದಿಂದ ಬರುವುದರಿಂದ ಆ ಬಾಯಿಗೆ ಸುತ್ತಿ ಇಳಿಸಬಹುದಾದ ಪ್ಲಾಸ್ಟಿಕ್ ಪರದೆಯೊಂದನ್ನು ಕಟ್ಟಿಟ್ಟಿರಬೇಕು.

ಹತ್ತು ಅಡಿಗೆ ಮೂರೂವರೆ ಅಡಿ ಇಳಿಜಾರು ಬಹಳವಾಯಿತೆಂದು ವೆಲ್ಡಿಂಗ್ ಕೆಲಸದವರು ಹೇಳುವುದುಂಟು. ಕಡಿಮೆ ಮಾಡಿಸಬೇಡಿ. ಮಾಗಿಯ ಮುಂಜಾವಿನಲ್ಲಿ ಒಳಗೆ ನಿಂತು ಹಾಳೆಯ ತಳವನ್ನು ಹತ್ತಿರದಿಂದ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ: ರಾತ್ರಿಯ ತಂಪಿಗೆ ಒಳಗಿನ ನೀರಾವಿ ಹಾಳೆಗೆ ಅಂಟಿ ಸಾಸಿವೆ ಗಾತ್ರದ ಹನಿಗಳಾಗಿರುತ್ತದೆ, ಹನಿಗಳು ಒಂದನ್ನೊಂದು ಕೂಡಿಕೊಂಡು ದಪ್ಪಗಾಗುತ್ತವೆ, ಇಳಿಜಾರು ಸಾಕಷ್ಟಿದ್ದರೆ ಹಾಳೆಯನ್ನು ಹಿಡಿದುಕೊಂಡೇ ಗೆರೆಗಳಾಗಿ ಅಂಚಿಗೆ ಜಾರುತ್ತವೆ, ಚಾವಣಿ ಚಪ್ಪಟೆಯಾಗಿದ್ದರೆ ಇದ್ದಲ್ಲೇ ತೂಗಿ, ತೂಕ ತಾಳದೆ ಕೆಳಗಿನ ಎಲೆಗಳ ಮೇಲೆ ಉದುರುತ್ತವೆ. ಪ್ರತಿದಿನ ಹೀಗೆ ಒದ್ದೆಯಾಗುವ ಟೊಮ್ಯಾಟೊ ಎಲೆಗೆ ಅಂಗಮಾರಿ ಬರುವುದು ತಡವಾಗುವುದಿಲ್ಲ. ಮಳೆ ತಡೆಯಲೆಂದೇ ಕಟ್ಟಿದ ಮನೆಯೊಳಗೆ ಬೇರೊಂದು ಮಳೆ ಸುರಿದಂತಾಗುತ್ತದೆ.

ಕಂಬಗಳಿಗೆ ಒಂದೂಕಾಲು ಅಂಗುಲದ, ಅಡ್ಡಪಟ್ಟಿಗಳಿಗೆ ಒಂದು ಅಂಗುಲದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಸಾಕು. ಗೋಡೆದಪ್ಪ ಎರಡು ಮಿಲಿಮೀಟರ್ ಇರಲಿ. ವೆಲ್ಡಿಂಗ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟು ತುಕ್ಕು ಹಿಡಿಯುವುದರಿಂದ ಬೋಲ್ಟು ಕ್ಲಾಂಪುಗಳಿಂದ ಜೋಡಿಸುವುದು ಉತ್ತಮ, ಮುಂದೆ ಬಿಚ್ಚಿ ಬೇರೆಡೆಗೆ ಒಯ್ಯಲೂಬಹುದು. ಹಾಳೆ ತಾಕುವ ಪೈಪಿನ ಮೈಗೆ ಬಿಳಿ ಬಣ್ಣ ಬಳಿಯಿರಿ. ಬಿಸಿಲಿಗೆ ಕಾದ ಲೋಹಕ್ಕೆ ತಾಗಿದ ಕಡೆಯಲ್ಲೇ ಹಾಳೆ ಮೊದಲು ಹರಿಯುವುದು.

ತಾರಸಿಗೆ ರಂಧ್ರ ಕೊರೆದು ಕಂಬ ನಿಲ್ಲಿಸಬಾರದು. ನೀರು ಇಳಿಯದಂತೆ ಹಾಕಿಸಿದ ಪದರ ಒಮ್ಮೆ ಒಡೆದರೆ ಕೆಳಗಿನ ಮನೆಯ ಸೀಲಿಂಗಿನಲ್ಲಿ ಅದರ ಗುರುತು ಕಾಣಿಸುತ್ತದೆ. ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್ಟಿನೊಳಗೆ ಕಂಬ ನಿಲ್ಲಿಸಿ ಕಾಂಕ್ರೀಟ್ ತುಂಬುವುದು ಎಲ್ಲರೂ ಮಾಡುವ ಉಪಾಯ. ಒಂದೊಂದು ಬಕೆಟ್ಟೂ ಸುಮಾರು 45 ಕಿಲೊ ತೂಗುತ್ತದೆ. ಇದು ಒಳ್ಳೆಯ ಪಾದ, ಆದರೆ ಇದೊಂದನ್ನೇ ನಂಬಬಾರದು. ಬೆಂಗಳೂರಿಗೆ ಮಾನಕ ಸಂಹಿತೆ ನಿಗದಿ ಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ವೇಗದ ಗಾಳಿ ಚದರ ಮೀಟರಿಗೆ ಅರವತ್ತೈದು ಕಿಲೊ ತೂಕಕ್ಕೆ ಸಮನಾದ ಒತ್ತಡ ಹೇರುತ್ತದೆ, 9.3 ಚದರ ಮೀಟರಿನ ಚಾವಣಿಯನ್ನು ಗಾಳಿ ಮೇಲಕ್ಕೆತ್ತುವಾಗ ಅದು ಸುಮಾರು 600 ಕಿಲೊ. ಆರು ಕಂಬಗಳಿದ್ದರೆ ಅವುಗಳ ಬಕೆಟ್ಟುಗಳ ಒಟ್ಟು ತೂಕ ಅದರ ಅರ್ಧವೂ ಆಗುವುದಿಲ್ಲ. ಹಾಗಾಗಿ ಎರಡು ಕಡೆಯಾದರೂ ಚೌಕಟ್ಟನ್ನು ಮನೆಯ ಆರ್‌ಸಿಸಿ ಕಂಬಕ್ಕೆ ಅಥವಾ ಮೆಟ್ಟಿಲಿನ ಕೋಣೆಯ ಗೋಡೆಗೆ ಬಿಗಿಯಬೇಕು. ಬರೀ ಇಟ್ಟಿಗೆಯ ಪ್ಯಾರಪೆಟ್ ಗೋಡೆ ಈ ಎಳೆತ ತಾಳುವುದಿಲ್ಲ. ಭರಣಿ, ಕೃತ್ತಿಕಾ ಮಳೆಗಳ ಕಾಲದಲ್ಲಿ ಸಂಜೆ ಏಕಾಏಕಿ ಎದ್ದುಬರುವ ಗಾಳಿಯೇ ಇಲ್ಲಿ ಹೆಚ್ಚು ಹಾನಿ ಮಾಡುವಂಥದ್ದು. ಹತ್ತನೆಯ ಮಹಡಿಯ ತಾರಸಿಯಿಂದ ಹಾರಿದ ಒಂದು ಪೈಪು ರಸ್ತೆಯಲ್ಲಿ ಹೋಗುವವರ ಪ್ರಾಣಕ್ಕೆ ಎರವಾಗಬಹುದು. ಖರ್ಚು ಉಳಿಸಬಾರದ ಜಾಗ ಯಾವುದಾದರೂ ಇದ್ದರೆ ಅದು ಇದೇ.

ಹೊದಿಕೆಗೆ ನೇರಳಾತೀತ ಕಿರಣ ತಾಳುವ 200 ಮೈಕ್ರಾನ್ ಪಾಲಿಥೀನ್ ಹಾಳೆಯನ್ನೇ ಕೊಳ್ಳಬೇಕು. ಕಟ್ಟಡದ ಕೆಲಸಕ್ಕೆ ಬಳಸುವ ಸಾಮಾನ್ಯ ಹಾಳೆ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಯಾಗುತ್ತದೆ. ಇದು ಮೂರರಿಂದ ಐದು ವರ್ಷ ಬಾಳುತ್ತದೆ. ಬೆಳಕನ್ನು ಚದುರಿಸುವ ಬಗೆಯದು ಸಿಕ್ಕರೆ ಇನ್ನೂ ಒಳ್ಳೆಯದು, ಕೆಳಗಿನ ಎಲೆಗಳಿಗೂ ಬೆಳಕು ಹಂಚಿಕೆಯಾಗುತ್ತದೆ. ಹಾಳೆಯನ್ನು ಹಗ್ಗದಿಂದ ಕಟ್ಟುವುದಾಗಲಿ ಮೊಳೆ ಹೊಡೆಯುವುದಾಗಲಿ ಕೂಡದು. ಪೈಪಿಗೆ ಪ್ರೊಫೈಲ್ ಎಂಬ ತೋಡಿರುವ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಅದರೊಳಗೆ ಹಾಳೆಯನ್ನು ಒತ್ತಿ, ಜಿಗ್‌ಜಾಗ್ ಸ್ಪ್ರಿಂಗಿನಿಂದ ಬಿಗಿಸಬೇಕು. ಬೆಳಗಿನ ತಂಪಿನಲ್ಲಿ, ಗಾಳಿಯಿಲ್ಲದ ಹೊತ್ತಿನಲ್ಲಿ, ಇಬ್ಬರು ಎದುರುಬದುರು ನಿಂತು ಈ ಕೆಲಸ ಮಾಡಿದರೆ ಹಾಳೆ ಸುಕ್ಕಿಲ್ಲದೆ ಕೂರುತ್ತದೆ. ಸಡಿಲ ಹಾಳೆ ಗಾಳಿಗೆ ಪಟಪಟ ಬಡಿದುಕೊಂಡೇ ಹರಿದುಹೋಗುತ್ತದೆ.

ಪಶ್ಚಿಮದ ಅಂಚಿಗೆ ಅರ್ಧ ಕತ್ತರಿಸಿದ ನಾಲ್ಕಂಗುಲದ ಪಿವಿಸಿ ಪೈಪನ್ನು ದೋಣಿಯಾಗಿ ಕಟ್ಟಿ. ಐವತ್ತು ಮಿಲಿಮೀಟರ್ ಮಳೆ ಬಿದ್ದರೆ ಈ ಚಾವಣಿಯಿಂದ 465 ಲೀಟರ್ ನೀರು ಇಳಿಯುತ್ತದೆ. ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಒಂದೇ ಸಂಜೆ ಅಷ್ಟು ಸುರಿಯುವುದುಂಟು. ಡ್ರಮ್ಮು ತುಂಬಿದ ಮೇಲೆ ಹೆಚ್ಚಿನ ನೀರು ಎಲ್ಲಿಗೆ ಹೋಗಬೇಕೆಂಬುದನ್ನು, ಅಂದರೆ ತಾರಸಿಯ ಮಳೆನೀರಿನ ಕೊಳವೆಗೋ ಮನೆಯ ಸಂಪಿಗೋ ಎಂಬುದನ್ನು, ಮೊದಲೇ ಗೊತ್ತುಮಾಡಿ ಪೈಪು ಹಾಕಿಸಿರಬೇಕು.

ಸುತ್ತಿನ ಬಲೆ, ಮೇಲಿನ ನೆರಳು

ನಾಲ್ಕು ಬದಿಗಳಿಗೂ 40 ಮೆಶ್‌ನ (ಅಂಗುಲಕ್ಕೆ 40 ಕಣ್ಣುಗಳಿರುವ) ಬಿಳಿ ಕೀಟಬಲೆ ಕಟ್ಟಬೇಕು. ಟೊಮ್ಯಾಟೊ ಗಿಡದಲ್ಲಿ ಎಲೆ ಮುರುಟು ರೋಗದ ನಂಜನ್ನು ಹರಡುವ ಬಿಳಿ ನೊಣವನ್ನು ಇದು ಬಹುಮಟ್ಟಿಗೆ ತಡೆಯುತ್ತದೆ. ಥ್ರಿಪ್ಸ್ ಎಂಬ ರಸ ಹೀರುವ ಕೀಟ ಇನ್ನೂ ಸಣ್ಣದು. ಅದನ್ನು ತಡೆಯಲು ಇನ್ನೂ ಸಣ್ಣ ಕಣ್ಣಿನ ಬಲೆ ಬೇಕಾಗುತ್ತದೆ, ಆದರೆ ಕಣ್ಣು ಸಣ್ಣದಾದಷ್ಟೂ ಗಾಳಿ ಕುಗ್ಗುತ್ತದೆ. ನೂರು ಚದರ ಅಡಿಯ ಮನೆಗೆ 40 ಮೆಶ್ ಸರಿಯಾದ ಹದ ಎಂದು ನನ್ನ ಅಭಿಪ್ರಾಯ. ಬಾಗಿಲು ತೆರೆದಿಟ್ಟರೆ ಬಲೆಯೆಲ್ಲ ವ್ಯರ್ಥ. ಸಾಧ್ಯವಿದ್ದರೆ ಎರಡು ಬಾಗಿಲುಗಳ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಡಿ.

ಫೆಬ್ರುವರಿಯ ಕೊನೆಯಿಂದ ಮುಂಗಾರಿನ ಮೋಡ ಕವಿಯುವವರೆಗೆ ನೆರಳು ಬಲೆ ಅಗತ್ಯ. ಶೇಕಡ 35ರಿಂದ 50ರಷ್ಟು ನೆರಳು ಕೊಡುವ ಬಿಳಿ ಅಥವಾ ಬೆಳ್ಳಿಬಣ್ಣದ ಬಲೆಯನ್ನು ಹಾಳೆಯ ಮೇಲ್ಗಡೆ ಒಂದಡಿ ಅಂತರ ಬಿಟ್ಟು ಕಟ್ಟಬೇಕು. ಒಳಗಡೆ ಕಟ್ಟಿದರೆ ಬಲೆ ತಾನೇ ಕಾದು ಆ ಬಿಸಿಯನ್ನು ಒಳಗೇ ಬಿಡುತ್ತದೆ. ನಗರದ ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವುದು ಹಸಿರು ಬಲೆ. ಆ ಬಣ್ಣದಿಂದ ಗಿಡಕ್ಕೆ ವಿಶೇಷ ಲಾಭವೇನೂ ಇಲ್ಲ. ಜೂನಿನಲ್ಲಿ ಬಲೆಯನ್ನು ಮರೆಯದೆ ತೆಗೆಯಬೇಕು. ಮೋಡದ ದಿನಗಳಲ್ಲಿಯೂ ಅದನ್ನು ಬಿಟ್ಟರೆ ಗಿಡ ಬೆಳಕಿಗಾಗಿ ಸೊರಗಿ ಉದ್ದುದ್ದ ಬೆಳೆದು ಹೂ ಕಚ್ಚುವುದನ್ನೇ ನಿಲ್ಲಿಸುತ್ತದೆ.

ಒಳಗೆ ಏನನ್ನು, ಹೇಗೆ

ಈ ಮನೆಗೆ ತಕ್ಕ ಬೆಳೆಗಳು ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿ, ಬೀಜರಹಿತ ಸೌತೆ, ಮಳೆಗಾಲದ ಕೊತ್ತಂಬರಿ, ಪಾಲಕ್, ಲೆಟ್ಯೂಸ್, ಮತ್ತು ಎಲ್ಲ ಬಗೆಯ ಸಸಿಮಡಿ. ಬದನೆ, ಬೆಂಡೆ, ಹುರುಳಿಕಾಯಿ, ಕರಿಬೇವು ಬಯಲಿನಲ್ಲೇ ಚೆನ್ನಾಗಿ ಬರುತ್ತವೆ. ಅವುಗಳಿಗೆ ಇಲ್ಲಿಯ ಜಾಗ ಕೊಡುವುದು ನಷ್ಟ. ಟೊಮ್ಯಾಟೊ ತಳಿಗಳಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುರುಟು, ದುಂಡಾಣು ಸೊರಗು ಮತ್ತು ಅಂಗಮಾರಿ ಈ ಮೂರನ್ನೂ ತಾಳಿಕೊಳ್ಳುವಂಥದ್ದು. ಬಲೆಯಿದೆಯೆಂದು ತಳಿಯ ವಿಷಯದಲ್ಲಿ ಅಸಡ್ಡೆ ಮಾಡಬಾರದು.

ಮಿಶ್ರಣಕ್ಕೆ ಕೆಂಪು ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಬೇಕು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಬೇಕು. ನೀರನ್ನು ಹನಿ ಕೊಳವೆಯಿಂದ ಬುಡಕ್ಕೆ ಕೊಡಿ, ಬೆಳಗ್ಗೆ ಕೊಡಿ. ಸಂಜೆ ಎಲೆಯ ಮೇಲೆ ನೀರು ಚಿಮುಕಿಸುವ ರೂಢಿ ಬಯಲಿನಲ್ಲಿ ನಡೆದೀತು, ಇಲ್ಲಿ ರೋಗವನ್ನು ಆಹ್ವಾನಿಸಿದಂತೆ.

ಕೀಟ ಬಾರದ ಮನೆಗೆ ಜೇನುಹುಳವೂ ಬಾರದು. ಹೊಸಬರು ಗಿಡ ತುಂಬ ಹೂ ಕಂಡು ಹಿಗ್ಗಿ, ಕಾಯಿ ಕಚ್ಚದೆ ಉದುರುವಾಗ ಗೊಬ್ಬರದ ಮೇಲೆ ಗೊಬ್ಬರ ಹಾಕುವುದು ಇದನ್ನು ತಿಳಿಯದೆಯೇ. ಟೊಮ್ಯಾಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿರುತ್ತವೆ. ಪರಾಗ ಹಳದಿ ಕೊಳವೆಯೊಳಗೆ ಸಿಕ್ಕಿಕೊಂಡಿರುತ್ತದೆ. ಬೆಳಗ್ಗೆ ಎಲೆಯ ಮೇಲಿನ ಪಸೆ ಆರಿದ ಮೇಲೆ ಹೂಗೊಂಚಲಿನ ಹಿಂದಿನ ಕಾಂಡವನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಪರಾಗ ಹದವಾಗಿದ್ದರೆ ಕೆಳಗೆ ಹಿಡಿದ ಕಪ್ಪು ಕಾಗದದ ಮೇಲೆ ಅದು ಮಾಸಲು ಹಳದಿ ಧೂಳಾಗಿ ಬೀಳುವುದು ಕಾಣುತ್ತದೆ. ತೇವ ಹೆಚ್ಚಿದ್ದರೆ ಒಂದು ಕಣವೂ ಉದುರುವುದಿಲ್ಲ, ಆಗ ಇನ್ನೊಂದು ಗಂಟೆ ಕಾಯಬೇಕು. ಹೂ ಬಿಡುವ ಕಾಲದಲ್ಲಿ ದಿನ ಬಿಟ್ಟು ದಿನ ಇದನ್ನು ಮಾಡಿದರೆ ಸಾಕು. ಹೀರೆ, ಸೋರೆಗಳನ್ನು ಬೆಳೆಯಲೇಬೇಕೆಂದವರು ಗಂಡುಹೂವನ್ನು ಕಿತ್ತು ಅದರ ಕೇಸರವನ್ನು ಹೆಣ್ಣುಹೂವಿನ ತುದಿಗೆ ಸವರಬೇಕು. ಅವು ಸಂಜೆ ಅರಳುವ ಹೂಗಳಾದ್ದರಿಂದ ಹೊತ್ತು ಮುಳುಗುವಾಗ ಹೋಗಬೇಕು.

ಗಿಡದ ತಲೆಯ ಎತ್ತರದಲ್ಲಿ, ಬಿಸಿಲು ನೇರ ಬೀಳದ ಕಡೆ, ಒಂದು ತಾಪಮಾಪಕ ತೂಗಿಹಾಕಿ. ಒಳಗಿನ ಬಿಸಿ 32 ಡಿಗ್ರಿ ದಾಟುತ್ತಿದ್ದಂತೆ ದೊಣ್ಣೆ ಮೆಣಸಿನಕಾಯಿ ಹೂ ಉದುರಿಸತೊಡಗುತ್ತದೆ, 35ರ ಹೊತ್ತಿಗೆ ಟೊಮ್ಯಾಟೊ ಕೂಡ. ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು ಹೊರಗೇ 39.2 ಡಿಗ್ರಿ ದಾಖಲಾಗಿತ್ತು. ಅಂಥ ವಾರಗಳಲ್ಲಿ ಯಾವ ಪರದೆಯೂ ಹೂ ಉಳಿಸಲಾರದು. ಆದುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಫಸಲಿನ ಆಸೆ ಬಿಟ್ಟು, ಮುಂಗಾರಿಗೆ ಬೇಕಾದ ಸಸಿಗಳನ್ನು ನೆರಳು ಬಲೆಯ ಕೆಳಗೆ ಬೆಳೆಸುವುದಕ್ಕೆ ಮನೆಯನ್ನು ಬಳಸುವುದು ಜಾಣತನ. ಜೂನಿನಲ್ಲಿ ನೆಟ್ಟ ಟೊಮ್ಯಾಟೊ ಆಗಸ್ಟ್ ಕೊನೆಯಿಂದ ಹಣ್ಣು ಕೊಡುತ್ತದೆ; ಬಯಲಿನ ಗಿಡಗಳು ಮಳೆಗೆ ಕೊಳೆಯುವ ಕಾಲವೇ ಇಲ್ಲಿಯ ಸುಗ್ಗಿ. ಮಾಗಿಯಲ್ಲಿ ಇಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಬದಿಗಳನ್ನು ಮುಚ್ಚುವ ಅಗತ್ಯವೇ ಇಲ್ಲ. ರಾತ್ರಿ ಚಳಿಯೆಂದು ಪ್ಲಾಸ್ಟಿಕ್ ಇಳಿಬಿಟ್ಟರೆ ಒಳಗೆ ತೇವ ಕಟ್ಟಿಕೊಂಡು ಬೂದಿ ರೋಗ ಬರುತ್ತದೆ.

ವಾರಕ್ಕೊಮ್ಮೆ ಎಲೆಗಳ ಅಡಿಯನ್ನು ತಿರುಗಿಸಿ ನೋಡುವುದು, ನುಸಿಯ ಸಣ್ಣ ಬಲೆಯೋ ಬಿಳಿ ನೊಣವೋ ಕಂಡರೆ ಆ ಎಲೆಯನ್ನು ಕಿತ್ತು ಹೊರಗೊಯ್ಯುವುದು, ಕೀಟಗಳನ್ನು ಸೆಳೆದು ಹಿಡಿಯುವ ಹಳದಿ ಅಂಟುಹಲಗೆಗಳನ್ನು ಬದಲಿಸುವುದು, ಇಷ್ಟು ನಿಯಮಿತವಾಗಿ ನಡೆಯಬೇಕು. ನಗರದ ಧೂಳು, ಅದರಲ್ಲೂ ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಸಿಮೆಂಟಿನ ಧೂಳು, ಹಾಳೆಯ ಮೇಲೆ ಕುಳಿತು ಬೆಳಕನ್ನು ಕದಿಯುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ ಮೆತ್ತನೆಯ ಬಟ್ಟೆ ಕಟ್ಟಿದ ಉದ್ದ ಕೋಲಿನಿಂದ ನೀರು ಹಾಯಿಸಿ ಒರೆಸಿ. ಸೋಪಿನ ಪುಡಿ, ಗಡಸು ಬ್ರಷ್ ಬೇಡ. ಸಣ್ಣ ಹರಿವುಗಳನ್ನು ಪಾಲಿಹೌಸ್ ಅಂಟುಪಟ್ಟಿಯಿಂದ ಎರಡೂ ಕಡೆ ಅಂಟಿಸಬಹುದು. ಹಾಳೆ ಹಳದಿಗಟ್ಟಿ, ಮಡಿಸಿದಲ್ಲಿ ಬಿರುಕು ಬಿಡತೊಡಗಿದಾಗ ಇಡೀ ಹೊದಿಕೆಯನ್ನು ಬದಲಿಸಬೇಕು. ಅದಕ್ಕೆ ತಕ್ಕ ಕಾಲ ಜನವರಿ: ಗಾಳಿ ತಣ್ಣಗಿರುತ್ತದೆ, ಮಳೆಯ ಭಯವಿರುವುದಿಲ್ಲ, ಭರಣಿ ಮಳೆಯ ಗಾಳಿ ಏಳುವುದರೊಳಗೆ ಸ್ಪ್ರಿಂಗುಗಳನ್ನೆಲ್ಲ ಇನ್ನೊಮ್ಮೆ ಪರೀಕ್ಷಿಸಿ ಬಿಗಿಗೊಳಿಸಲು ಮೂರು ತಿಂಗಳ ಅವಕಾಶ ಸಿಗುತ್ತದೆ. ಬಿಚ್ಚಿದ ಹಳೆಯ ಹಾಳೆಯನ್ನು ಸುಡದೆ, ತೊಳೆದು ಒಣಗಿಸಿ, ಬಡಾವಣೆಯ ಒಣಕಸ ಸಂಗ್ರಹ ಕೇಂದ್ರಕ್ಕೆ ಕೊಡಿ.